ಮದ್ರಾಸ್ ಸೀಮೆಗೆ ಒಂದು ಹಿಂದಿನ ಸೀಟು

ಬೆಟಗೇರಿ

ಪರದೇಶಕ್ಕೆ ಹೋಗಿ ಬಂದವರು ಬರೆದದ್ದನ್ನು ನಾನು ಸಾಕಷ್ಟು ಓದಿದ್ದೇನೆ. ಎಲ್ಲರೂ ವಿಮಾನದಿಂದ ಶುರು ಮಾಡುತ್ತಾರೆ. ಕಿಟಕಿಯಲ್ಲಿ ಮೋಡ ಕಂಡದ್ದು, ತಟ್ಟೆಯಲ್ಲಿದ್ದದ್ದು ಏನೆಂದು ತಿಳಿಯದೆ ತಿಂದದ್ದು, ತಿಂದ ಮೇಲೆ ತಿಳಿದು ನೊಂದದ್ದು. ನನ್ನ ಪ್ರವಾಸದಲ್ಲಿ ವಿಮಾನವಿಲ್ಲ. ಬೆಟಗೇರಿಯಿಂದ ಹೊರಟು, ಕೊರ್ಲಹಳ್ಳಿಯ ಹತ್ತಿರ ತುಂಗಭದ್ರೆ ದಾಟಿ, ಆಚೆ ದಂಡೆಯ ಒಂದು ಊರಿಗೆ ಹೋಗಿ ಬಂದೆ. ಇದನ್ನು ಪರದೇಶ ಎಂದರೆ ನೀವು ನಗುತ್ತೀರಿ. ನಮ್ಮಜ್ಜಿ ನಗುತ್ತಿರಲಿಲ್ಲ.

ಅಜ್ಜಿಯ ಲೆಕ್ಕದಲ್ಲಿ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದ್ದು, ಗದಗು ಮುಂಡರಗಿ ಮುಂಬೈ ಸರಕಾರದವು, ಹೊಳೆ ದಾಟಿದರೆ ಮದ್ರಾಸ್ ಸೀಮೆ. ಅವಳ ಅಪ್ಪ ಹೆಗಲ ಮೇಲೆ ಸೀರೆಗಂಟು ಹೊತ್ತು ಈ ನಾಲ್ಕೂ ಸರಕಾರಗಳಲ್ಲಿ ಮಾರಿ ಬಂದವನು. ಸಂಸ್ಥಾನಗಳು ಹೋದವು, ರಾಜ್ಯ ಒಂದಾಯಿತು, ಅಜ್ಜಿ ಮಾತ್ರ ತನ್ನ ನಕಾಶೆ ಬದಲಿಸಲಿಲ್ಲ. ನನ್ನ ಅಕ್ಕ ಗೌರವ್ವನನ್ನು ಹೊಳೆಯಾಚೆಗೆ ಮದುವೆ ಮಾಡಿಕೊಟ್ಟ ದಿನ "ಪರದೇಶಕ್ಕ ಕೊಟ್ರಲ್ಲೋ ಹುಡುಗೀನ" ಎಂದು ಕಂಬ ಹಿಡಿದು ಅತ್ತಳು. ಎಲ್ಲರೂ ನಕ್ಕರು.

ಅಜ್ಜಿಯ ಮಾತು ಬೇರೆ ರೀತಿಯಲ್ಲಿ ಖರೆಯಾಯಿತು. ಅಕ್ಕನಿಗೆ ಮುಚ್ಚಿದ ಗಾಡಿ ಆಗುವುದಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ಎರಡನೇ ಸ್ಟಾಪು ಬರುವುದರೊಳಗೆ ಹೊಟ್ಟೆ ತೊಳಸುತ್ತದೆ. ಆರು ವರ್ಷದ ಹಿಂದೆ ಅವ್ವ ತೀರಿಕೊಂಡಾಗ ಅವಳನ್ನು ಕ್ರೂಸರಿನಲ್ಲಿ ಕರೆತಂದರು. ಕ್ರೂಸರ್ ಎಂದರೆ ಗೊತ್ತಲ್ಲ, ನಮ್ಮ ಕಡೆ ಮದುವೆಗೂ ಮಣ್ಣಿಗೂ ಸಂತೆಗೂ ಅದೇ ಉದ್ದನೆಯ ಜೀಪು. ಹತ್ತು ಮಂದಿಯ ಜಾಗದಲ್ಲಿ ಹದಿನೆಂಟು ಮಂದಿ. ಅಕ್ಕ ದಾರಿಯುದ್ದಕ್ಕೂ ಇಳಿಯುತ್ತ, ವಾಂತಿ ಮಾಡಿಕೊಳ್ಳುತ್ತ, ಕೊನೆಗೆ ಮುಂಡರಗಿ ದಾಟಿದ ಮೇಲೆ ಒಂದು ಬೇವಿನ ಗಿಡದ ಕೆಳಗೆ ಮಲಗಿಬಿಟ್ಟಳು. ಅವಳು ಮನೆ ಮುಟ್ಟುವ ಹೊತ್ತಿಗೆ ನಾವು ಮಣ್ಣು ಕೊಟ್ಟು ಬಂದು ಕೈಕಾಲು ತೊಳೆಯುತ್ತಿದ್ದೆವು. ಅಂದಿನಿಂದ ಅವಳು ತವರಿಗೆ ಬಂದಿರಲಿಲ್ಲ. ನಾವೇ ಹೋಗಿ ನೋಡಿಕೊಂಡು ಬರುತ್ತಿದ್ದೆವು.

ತೆರೆದ ಗಾಳಿಯಲ್ಲಿ ಅಕ್ಕನಿಗೆ ಏನೂ ಆಗುವುದಿಲ್ಲ. ಚಕ್ಕಡಿಯಲ್ಲಿ ಎಷ್ಟು ದೂರವಾದರೂ ಹಾಡು ಹೇಳಿಕೊಂಡು ಬರುತ್ತಿದ್ದಳು. ಹಾಗಾಗಿ ಅವಳನ್ನು ಮನೆಗೆ ಕರೆತರಲು ನನಗೆ ಬೇಕಾದದ್ದು ಒಂದು ಬೈಕು. ಅದೂ ಅರವತ್ತನಾಲ್ಕರ ಹೆಣ್ಣುಮಗಳು ಎರಡು ತಾಸು ಕೂತರೂ ಸೊಂಟ ಹಿಡಿಯದಂಥ ಹಿಂದಿನ ಸೀಟಿದ್ದದ್ದು. ಮುಂದೆ ಕೂರುವವನು ಮಾತ್ರ ಐವತ್ತನಾಲ್ಕರ ಹೊಸಬ. ಗೇರಿಲ್ಲದ ಒಂದು ಮೊಪೆಡ್ ಬಿಟ್ಟರೆ ನಾನು ಏನನ್ನೂ ಓಡಿಸಿದವನಲ್ಲ. ಆ ಮೊಪೆಡ್ಡಿನಲ್ಲೂ ಒಮ್ಮೆ ನನ್ನ ಹೆಂಡತಿ ಶಾಂತಾಳನ್ನು ಮಾರ್ಕೆಟ್ಟಿನ ಎದುರು ಬಿಟ್ಟು, ಹಿಂದೆ ಕೂತಿದ್ದಾಳೆಂದೇ ತಿಳಿದು, ಮನೆಯ ತನಕ ಅವಳ ಜೊತೆ ಮಾತಾಡುತ್ತ ಬಂದಿದ್ದೆ. ನಾನು ಹೇಳಿದ್ದಕ್ಕೆಲ್ಲ ಅವಳು ಎದುರಾಡದೆ ಇದ್ದಾಗಲೇ ನನಗೆ ಅನುಮಾನ ಬರಬೇಕಿತ್ತು.

ಬೈಕಿನ ಅಂಗಡಿಗಳಿಗೆ ಹೋದೆ. ಅವರು ತೋರಿಸಿದ್ದರಲ್ಲೆಲ್ಲ ಕೂತು ನೋಡಿದೆ. ಪಾದ ಹಿಂದಕ್ಕೆ, ಎದೆ ಮುಂದಕ್ಕೆ, ಯಾರೋ ಅಟ್ಟಿಸಿಕೊಂಡು ಬಂದವರ ಕೂರುವಿಕೆ ಅದು. ನಾನು ಮೂವತ್ತೈದು ವರ್ಷ ಕುಣಿಮಗ್ಗದಲ್ಲಿ ಕೂತವನು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಮುಂದಕ್ಕೆ ಚಾಚಿ, ಬೆನ್ನು ನೆಟ್ಟಗಿಟ್ಟು ಸೀರೆ ನೇಯ್ದವನು. ಈಗ ಮಗ್ಗ ಬಿಟ್ಟು ಬೇರೆಯವರು ನೇಯ್ದದ್ದನ್ನು ಮಾರುತ್ತೇನೆ, ಆದರೆ ಸೊಂಟಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಕೊನೆಗೆ ಗದಗಿನ ಮೆಕ್ಯಾನಿಕ್ ಮೌಲಾಸಾಬನ ಗ್ಯಾರೇಜಿನಲ್ಲಿ ಒಂದು ಹಳೆಯ ಗಾಡಿ ಕಂಡಿತು. ತಗ್ಗಾದ ಸೀಟು, ಅಗಲ ಹ್ಯಾಂಡಲ್, ದಪ್ಪ ಗಾಲಿ, ಹಿಂದೆ ಕೂರುವವರ ಬೆನ್ನಿಗೊಂದು ಆನಿಕೆ. ಹತ್ತಿ ಕೂತೆ. ಕಾಲು ತಾವಾಗಿ ಮುಂದೆ ಹೋದವು, ಬೆನ್ನು ನೆಟ್ಟಗಾಯಿತು.

"ಮೌಲಾಸಾಬ, ಇದು ಮಗ್ಗನ ಐತಲ್ಲ!" ಎಂದೆ.

"ಇದಕ್ಕ ಕ್ರೂಸರ್ ಅಂತಾರಿ ಅಣ್ಣಾರ. ದೂರ ದಾರಿಗೆ ಮಾಡಿದ್ದು. ಆರಾಮ ಕುಂತು ಹೋಗೂದು."

ನಾನು ಎಂಜಿನ್ ಎಷ್ಟು ದೊಡ್ಡದು ಎಂದು ಕೇಳಿದೆ. ಓಣಿಯ ಹುಡುಗರು ಅದನ್ನೇ ಕೇಳಬೇಕೆಂದು ಹೇಳಿಕೊಟ್ಟಿದ್ದರು. ಮೌಲಾಸಾಬ ಕೈ ಒರೆಸಿಕೊಳ್ಳುತ್ತ ನಕ್ಕ.

"ಎಂಜಿನ್ ಆಮ್ಯಾಲೆ. ಮೊದಲ ಎರಡೂ ಅಂಗಾಲು ನೆಲಕ್ಕ ಪೂರಾ ಊರತಾವೇನು ನೋಡ್ರಿ. ಊರತಾವು? ಆತು. ಈಗ ಕೆಳಗ ಇಳದು, ಬಂದ್ ಮಾಡಿದ ಗಾಡಿ ತಳ್ಳಿ ನೋಡ್ರಿ. ತಳ್ಳಾಕ ಆಗಲಿಲ್ಲಂದ್ರ ಗಾಡಿ ನಿಮ್ಮದಲ್ಲ, ನೀವ ಗಾಡಿಯವ್ರು."

ತಳ್ಳಿದೆ. ಹೋಯಿತು. ಆಮೇಲೆ ಒಂದು ತಿಂಗಳು ಬೆಳಿಗ್ಗೆ ಮೈದಾನದಲ್ಲಿ ಕಲಿತೆ. ನನ್ನ ಕಷ್ಟ ನೇಕಾರರಿಗೆ ಮಾತ್ರ ಬರುವಂಥದು. ಮಗ್ಗದ ಕೆಳಗೆ ಎರಡು ತುಳಿಯುವ ಹಲಗೆಗಳಿರುತ್ತವೆ. ಎಡಗಾಲು ಒತ್ತಿದರೆ ಮರುಕ್ಷಣ ಬಲಗಾಲು ಒತ್ತಬೇಕು, ಇಲ್ಲದಿದ್ದರೆ ಬಟ್ಟೆ ಆಗುವುದಿಲ್ಲ. ಬೈಕಿನಲ್ಲಿ ಎಡಗಾಲಿಗೆ ಗೇರು, ಬಲಗಾಲಿಗೆ ಬ್ರೇಕು. ನಾನು ಗೇರು ಒತ್ತಿದ ಕೂಡಲೇ ಬಲಗಾಲು ತನ್ನ ಮೂವತ್ತೈದು ವರ್ಷದ ಕರ್ತವ್ಯ ಮಾಡುತ್ತಿತ್ತು. ಗಾಡಿ ಹೋಗಿ ನಿಲ್ಲುತ್ತಿತ್ತು, ಹೋಗಿ ನಿಲ್ಲುತ್ತಿತ್ತು. ಮೌಲಾಸಾಬ ಮೈದಾನದ ಆ ತುದಿಯಿಂದ ಕೂಗುತ್ತಿದ್ದ: "ಅಣ್ಣಾರ, ಸೀರಿ ನೇಯಬ್ಯಾಡ್ರಿ! ಗಾಡಿ ಹೊಡೀರಿ!"

ಹೇಗೋ ಲೈಸನ್ಸ್ ಸಿಕ್ಕಿತು. ಅಷ್ಟರಲ್ಲಿ ಓಣಿಯಲ್ಲಿ ಇನ್ನೊಂದು ಫಜೀತಿ ಆಗಿತ್ತು. ನಾನು "ಕ್ರೂಸರ್ ತಗೋತೀನಿ" ಅಂದದ್ದು ಕಿವಿಯಿಂದ ಕಿವಿಗೆ ಹೋಗಿ, ಒಂದು ಮದುವೆಯವರೂ ಒಂದು ಸೀಮಂತದ ಕುಬಸದವರೂ ದಿನ ಗೊತ್ತುಮಾಡಿಕೊಳ್ಳಲು ಮನೆಗೆ ಬಂದರು. ಜೀಪಲ್ಲ, ಬೈಕು ಎಂದು ಮನೆಮನೆಗೆ ಹೋಗಿ ಹೇಳಿ ಬಂದೆ. ಎಲ್ಲರಿಗೂ ಹೇಳಿದೆ ಎಂದೇ ತಿಳಿದಿದ್ದೆ.

ಮೌಲಾಸಾಬ ಎರಡು ದಿನಕ್ಕೆ ಗಾಡಿ ಕೊಡಲು ಒಪ್ಪಿದ. ಹಿಂದೆ ಕೂತವರು ಒಪ್ಪಿದರೆ ಮುಂದಿನ ಮಾತು ಎಂದ. ಹಿಂದೆ ಕೂರುವ ಶಾಂತಾ ಸೆರಗು ಸಿಕ್ಕಿಸಿಕೊಂಡು ಕರಾರು ಹಾಕಿದಳು.

"ಅಕ್ಕಾರ ಸೊಂಟದ ಮ್ಯಾಲೆ ನಿಮ್ಮ ಪ್ರಯೋಗ ಬ್ಯಾಡ. ಮೊದಲ ನಾ ಕುಂಡ್ರತೀನಿ. ಡಂಬಳದ ಮ್ಯಾಲೆ ನೆಟ್ಟಗ ಹೋಗೂದಲ್ಲ, ಲಕ್ಷ್ಮೇಶ್ವರ ಶಿರಹಟ್ಟಿ ಸುತ್ತು ಹಾಕಿ ಹೋಗೋಣ. ಹೊಳಿ ದಾಟೂದ್ರೊಳಗ ನಾ 'ಇಳಸ್ರಿ' ಅಂದ್ನೆಂದ್ರ ಗಾಡಿ ವಾಪಸ್. ಮತ್ತ ಆ ಮಾತ ಎತ್ತಬಾರದು."

ಒಪ್ಪಿದೆ. ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ನಿನ್ನ ಮನಿಗೆ ಕರ್ಕೊಂಡು ಬರಾಕ ಕ್ರೂಸರ್ ನೋಡೀನಿ. ಗುರುವಾರ ತಗೊಂಡು ಬರ್ತೀವಿ."

ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ "ಆತು, ಬಾ" ಎಂದಳು. ಖುಷಿಗೆ ಮಾತು ಬರಲಿಲ್ಲ ಪಾಪ, ಎಂದುಕೊಂಡೆ.

ಲಕ್ಷ್ಮೇಶ್ವರ

ಗುರುವಾರ ಬಿಸಿಲು ಏರುವ ಮೊದಲೇ ಹೊರಟೆವು. ಶಾಂತಾಳ ತುರುಬು ಹೆಲ್ಮೆಟ್ಟಿನೊಳಗೆ ಹಿಡಿಯಲಿಲ್ಲ. ತುರುಬು ಬಿಚ್ಚಿ ಜಡೆ ಹಾಕಿಕೊಂಡಳು. ಮದುವೆಯಾದ ಮೇಲೆ ಅವಳನ್ನು ಜಡೆಯಲ್ಲಿ ಕಂಡದ್ದು ಅದೇ ಮೊದಲೆಂದು ಹೇಳಿದೆ. ರಸ್ತೆ ನೋಡಿ ಹೊಡೆಯಬೇಕೆಂದು ಉತ್ತರ ಬಂತು.

ಮುಳಗುಂದ ದಾಟಿದೆವು. ಎರಡೂ ಕಡೆ ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಬಿಳಿಜೋಳ ತೆನೆ ಬಿಟ್ಟಿತ್ತು, ಕಡಲೆ ಕಾಯಿ ಕಟ್ಟಿತ್ತು. ಹಿಂದಿನಿಂದ ಒಂದು ಮಾತೂ ಇಲ್ಲ. ಹಳೆಯ ಅನುಭವ ನೆನಪಾಗಿ, ಇದ್ದಾಳೋ ಇಲ್ಲವೋ ಎಂದು ಕನ್ನಡಿಯಲ್ಲಿ ನೋಡಿದೆ. ಇದ್ದಳು.

ಲಕ್ಷ್ಮೇಶ್ವರ ಹತ್ತಿರವಾದಾಗ ಅವಳು ಒಮ್ಮೆಲೇ ನನ್ನ ಹೆಗಲು ಹಿಡಿದು "ರೀ, ಇಳ..." ಎಂದಳು. ಕರಾರು ನೆನಪಾಗಿ ಗಾಡಿ ನಿಧಾನ ಮಾಡಿದೆ.

"ಇಳಕಲ್ಲ ಸೀರಿ ನೋಡ್ರಿ ಆಕೀದು! ನಮ್ಮ ಓಣ್ಯಾಗ ನೇಯ್ದದ್ದ ಅದು, ಅಂಚು ನೋಡಿದ್ರ ಗೊತ್ತಾಗ್ತೈತಿ."

ರಸ್ತೆಯ ಪಕ್ಕ ಹೋಗುತ್ತಿದ್ದ ಹೆಣ್ಣುಮಗಳ ಸೀರೆ ಖಂಡಿತ ಚೆಂದವಿತ್ತು. ನನಗೆ ನೋಡುವ ಸ್ಥಿತಿ ಇರಲಿಲ್ಲ. ಅಂದಿಡೀ ದಿನ ಅವಳು ಇಳಕಲ್ಲು ಎಂದರೂ ಇಳಿಜಾರು ಎಂದರೂ ನನ್ನ ಅರ್ಧ ಆಯುಷ್ಯ ಇಳಿಯುತ್ತಿತ್ತು. ಅವಳಿಗೆ ಇದು ಗೊತ್ತಿತ್ತೆಂದು ನನ್ನ ನಂಬಿಕೆ.

ಊರೊಳಗೆ ಚಹಾದ ಅಂಗಡಿಯ ಎದುರು ಗಾಡಿ ನಿಲ್ಲಿಸಿದೆ. ಗೋಡೆಗೆ ಮುಖ ಮಾಡಿ, ಸ್ವಲ್ಪ ಇಳಿಜಾರಿನಲ್ಲಿ, ಬಹಳ ನೀಟಾಗಿ. ಚಹಾ ಕುಡಿದು ಬಂದು ಹತ್ತಿದ ಮೇಲೆ ತಿಳಿಯಿತು, ಈ ಗಾಡಿ ಹಿಂದಕ್ಕೆ ಹೋಗುವುದಿಲ್ಲ. ಎದುರಿಗೆ ಗೋಡೆ, ಹಿಂದೆ ಏರು. ಕಾಲು ಊರಿ ಎಷ್ಟು ದಬ್ಬಿದರೂ ಗೋಡೆಯ ಕಡೆಗೇ ಅದರ ಒಲವು. ಗಾಡಿ ನಿಲ್ಲಿಸುವ ಮೊದಲು ಹೊರಗೆ ಹೇಗೆ ಬರುತ್ತೀರಿ ನೋಡಿಕೊಳ್ಳಿ ಎಂದು ಮೌಲಾಸಾಬ ಮೂರು ಸಲ ಹೇಳಿದ್ದ. ಮೂರೂ ಸಲ ನಾನು ತಲೆಯಾಡಿಸಿದ್ದೆ.

ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದರು. ಈ ಊರಿನವರ ಒಂದು ರೀತಿ ನನಗೆ ಬಹಳ ಹಿಡಿಸಿತು. ನಮ್ಮ ಬೆಟಗೇರಿಯಲ್ಲಾದರೆ ಮೊದಲು ನಗುತ್ತಾರೆ, ಆಮೇಲೆ ಕೈ ಹಚ್ಚುತ್ತಾರೆ. ಇಲ್ಲಿ ಮೊದಲು ಕೈ ಹಚ್ಚಿದರು, ಹಚ್ಚಿಕೊಂಡೇ ಕೇಳಿದರು: "ಎಷ್ಟ ಕೊಡತೈತ್ರಿ?" ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು. ಆರು ಮಂದಿ ಎಳೆದರು, ಆರೂ ಮಂದಿ ಬೇರೆ ಬೇರೆಯಾಗಿ ಅದನ್ನೇ ಕೇಳಿದರು.

ಶಾಂತಾ ಹೆಲ್ಮೆಟ್ ಹಾಕಿಕೊಳ್ಳುತ್ತ ಹೇಳಿದಳು: "ಎಷ್ಟ ಕೊಡತೈತೋ ನಮಗ ಗೊತ್ತಿಲ್ರಿ ಅಣ್ಣಾರ. ಸದ್ಯಕ್ಕ ನಮ್ಮ ಜೀವಾ ತಗೊಳ್ಳಾಕತ್ತೈತಿ."

ಈಗ ನಕ್ಕರು.

ಶಿರಹಟ್ಟಿ

ಅಜ್ಜಿಯ ನಕಾಶೆಯಲ್ಲಿ ಮಿರಜದಿಂದ ಸಾಂಗಲಿಗೆ ಬಂದೆವು. ಗಡಿಯಲ್ಲಿ ನಮ್ಮನ್ನು ತಡೆದದ್ದು ಒಂದು ಕುರಿಹಿಂಡು ಮಾತ್ರ. ಊರ ಹೊರಗೆ ಬೇವಿನ ನೆರಳಲ್ಲಿ ರೊಟ್ಟಿಗಂಟು ಬಿಚ್ಚಿದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಊಟದ ಬಗ್ಗೆ ಬರೆಯುವಾಗ ಪರದೇಶದ ಪ್ರವಾಸಿಗಳು ಪಡುವ ಕಷ್ಟ ನನಗೆ ಬರಲಿಲ್ಲ.

ನೆರಳಿಗೆ ಒಬ್ಬ ಮುದುಕರು ಬಂದು ಕೂತರು. ತಲೆಗೆ ದೊಡ್ಡ ರುಮಾಲು, ಕೈಯಲ್ಲಿ ಕೋಲು. ಗಾಡಿಯನ್ನು ಎತ್ತು ನೋಡುವವರ ಹಾಗೆ ಸುತ್ತು ಹೊಡೆದು ನೋಡಿದರು. ಎಷ್ಟು ಹಲ್ಲಾಗಿವೆ ಎಂದು ಕೇಳಲಿಲ್ಲ, ಅಷ್ಟೇ.

"ಎಷ್ಟು ದಿನ ಆತು ಕಲತು?"

"ಒಂದು ತಿಂಗಳು ಆತ್ರಿ."

"ಛಲೋ ಆರಿಸೀಯಪ್ಪ. ಇದು ಕುದರಿ ಅಲ್ಲ, ಎಮ್ಮಿ. ಕುದರಿ ಮ್ಯಾಲಿಂದ ಬಿದ್ದಾವ್ರನ್ನ ಬೇಕಾದಷ್ಟ ನೋಡೀನಿ. ಎಮ್ಮಿ ಮ್ಯಾಲಿಂದ ಬಿದ್ದಾವ್ರನ್ನ ನೋಡಿಲ್ಲ."

ಎಂಜಿನ್ನು, ತೂಕ, ಎತ್ತರ ಎಂದು ನಾನು ತಿಂಗಳುಗಟ್ಟಲೆ ಕೇಳಿದ್ದೆಲ್ಲ ಈ ಎರಡು ಮಾತಿನಲ್ಲಿ ಇತ್ತು.

ಹೊರಡುವಾಗ ಅಕ್ಕನ ಫೋನ್ ಬಂತು. ದನಿ ಸಣ್ಣಗಿತ್ತು.

"ತಮ್ಮಾ, ಎಲ್ಲಿ ಅದೀರಿ? ಕ್ರೂಸರ್ ತಂದೀ ಹೌದಿಲ್ಲೋ?"

"ತಂದೀನಕ್ಕ. ಶಿರಹಟ್ಟ್ಯಾಗ ಅದೀವಿ."

"ಜಾಗ ಐತೇನು ಕುಂಡ್ರಾಕ?"

"ಭಾಳ ಐತಿ! ಆರಾಮ ಕುಂಡ್ರಬಹುದು. ಹಿಂದ ಆನಿಕಿ ಸೈತ ಐತಿ."

"ಕಿಡಕಿ?"

ಕಿಟಕಿಯ ಮಾತು ಎಲ್ಲಿಂದ ಬಂತೋ ತಿಳಿಯಲಿಲ್ಲ. ಗಾಳಿ ಬಗ್ಗೆ ಕೇಳುತ್ತಾಳೆ ಎಂದುಕೊಂಡು, "ಎಲ್ಲಾ ಕಡೆ ಗಾಳೀನ ಅಕ್ಕ, ಚಿಂತಿ ಮಾಡಬ್ಯಾಡ" ಎಂದೆ. "ಹಂಗಾರ ಆತು" ಎಂದು ಇಟ್ಟಳು. ನಾನು ಹೆಮ್ಮೆಯಿಂದ ಗಾಡಿ ಚಾಲೂ ಮಾಡಿದೆ. ದಡ್ಡನಿಗೆ ದಾರಿ ಹೇಳುವವರು ಬೇಡ, ಅವನೇ ಹೇಳುತ್ತಾ ಹೋಗುತ್ತಾನೆ.

ಮುಂಡರಗಿಯ ದಾರಿ, ಮತ್ತು ಮುಂಡರಗಿ

ಎಡಕ್ಕೆ ಕಪ್ಪತಗುಡ್ಡ, ಅದರ ನೆತ್ತಿಯ ಮೇಲೆ ಕರೆಂಟು ಮಾಡುವ ಗಾಳಿಯ ರಾಟಿಗಳು. ರಸ್ತೆ ನೆಟ್ಟಗಿತ್ತು. ಇಂಥ ದಾರಿಗೇ ಈ ಗಾಡಿ ಮಾಡಿದ್ದು ಎಂದು ಖುಷಿಯಾಗಿ ಹೋಗುತ್ತಿದ್ದಾಗ ಎದುರಿಗೆ ರಸ್ತೆಯೇ ಇರಲಿಲ್ಲ. ಹುರುಳಿ ಇತ್ತು. ಹೊಲದವರು ಕಿತ್ತ ಹುರುಳಿಯನ್ನು ರಸ್ತೆಯ ತುಂಬ ಹಾಸಿದ್ದರು, ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡಲೆಂದು. ಬಸ್ಸಿನಲ್ಲಿ ಕೂತು ಇದನ್ನು ನೂರು ಸಲ ನೋಡಿದ್ದೇನೆ. ಎರಡು ಗಾಲಿಯ ಮೇಲೆ ಕೂತು ನೋಡಿದರೆ ಬೇರೆಯೇ ಕಾಣುತ್ತದೆ.

ಒಣಬಳ್ಳಿಯ ಮೇಲೆ ಬ್ರೇಕ್ ಒತ್ತಿದರೆ ಜಾರುತ್ತದೆ. ಅದು ಗೊತ್ತಿತ್ತು. ನನ್ನ ಬಲಗಾಲಿಗೆ ಗೊತ್ತಿತ್ತೋ ಇಲ್ಲವೋ ಗೊತ್ತಿರಲಿಲ್ಲ. ಎಡಗಾಲಿನಿಂದ ಗೇರು ಇಳಿಸಿದೆ, ಉಸಿರು ಹ್ಯಾಂಡಲ್ಲು ಎರಡೂ ಬಿಗಿಹಿಡಿದೆ. ಬಲಗಾಲು ಸುಮ್ಮನಿತ್ತು! ಗಾಡಿ ಚರಚರ ಎನ್ನುತ್ತ, ಎಮ್ಮೆಯಂತೆಯೇ ತೂಗುತ್ತ, ಹಾಸಿನ ಆ ತುದಿಗೆ ಹೋಗಿ ನಿಂತಿತು.

ಮೊರ ಹಿಡಿದು ನಿಂತಿದ್ದ ಹೆಣ್ಣುಮಗಳು ಓಡಿ ಬಂದಳು. ಬೈಯುತ್ತಾಳೆ ಎಂದುಕೊಂಡೆ.

"ಯಣ್ಣಾ, ನಿಮ್ಮ ಗಾಲಿ ದಪ್ಪ ಅದಾವು. ಕಾರಿಗಿಂತ ಛಲೋ ಒಕ್ಕಣಿ ಆತು ನೋಡ್ರಿ! ಇನ್ನೆರಡ ಸುತ್ತ ಹಾಕಿ ಹೋಗ್ರಿ, ಪುಣ್ಯ ಬರತೈತಿ."

ಶಾಂತಾ ಕೆಳಗಿಳಿದಳು. ಇಳಸ್ರಿ ಎಂದು ಹೇಳಲಿಲ್ಲ, ತಾನಾಗಿ ಇಳಿದದ್ದು ಲೆಕ್ಕಕ್ಕಿಲ್ಲ. ಇಬ್ಬರು ಹೆಂಗಸರೂ ರಸ್ತೆಯ ಪಕ್ಕ ಕೂತು ಮಾತಿಗೆ ಹತ್ತಿದರು. ನಾನು ಎರಡಲ್ಲ, ನಾಲ್ಕು ಸುತ್ತು ಹಾಕಿದೆ. ನಿಧಾನವಾಗಿ ತಿರುಗಿಸುವುದು, ಅರ್ಧ ಕ್ಲಚ್ಚಿನಲ್ಲಿ ಹಿಡಿಯುವುದು, ಕಾಲು ಊರದೆ ಹೊರಳುವುದು, ಮೈದಾನದಲ್ಲಿ ತಿಂಗಳಲ್ಲಿ ಬಾರದ್ದು ಹುರುಳಿಯ ಮೇಲೆ ಕಾಲು ತಾಸಿನಲ್ಲಿ ಬಂತು. ಗುರುದಕ್ಷಿಣೆ ನಾನು ಕೊಡಬೇಕಿತ್ತು. ಅವಳೇ ಎರಡು ಬೊಗಸೆ ಹುರುಳಿ ಕಟ್ಟಿಕೊಟ್ಟಳು.

ಹಾಗೆ ವಿಜಯೋತ್ಸಾಹದಲ್ಲಿ ಮುಂಡರಗಿ ಸೇರಿದೆ. ಸರ್ಕಲ್ಲಿನ ಹತ್ತಿರ ನಿಂತು ನೀರು ಕುಡಿಯುತ್ತಿದ್ದಾಗ ಪಕ್ಕದಲ್ಲೇ ಒಬ್ಬ ಉದ್ದ ಜೀಪಿನ ಬಾಗಿಲು ಬಡಿಯುತ್ತ ಕೂಗಿದ: "ಕೊರ್ಲಹಳ್ಳಿ, ಹಡಗಲಿ! ಬರ್ರಿ ಬರ್ರಿ, ಕ್ರೂಸರ್ ಬಿಡ್ತು! ಕಿಡಕಿ ಜಾಗ ಐತಿ!"

ಶಾಂತಾ ನೀರಿನ ಬಾಟಲಿ ಹಿಡಿದವಳು ಹಿಡಿದ ಹಾಗೇ ನಿಂತಳು.

"ರೀ. ಅಕ್ಕಾರ ಕೇಳಿದ್ದು ಯಾವ ಕ್ರೂಸರ್?"

ಜಾಗ ಐತೇನು. ಕಿಡಕಿ. ಅಕ್ಕ ಜೀಪಿನ ದಾರಿ ಕಾಯುತ್ತಿದ್ದಳು. ಫೋನ್ ಹಚ್ಚಿದೆ. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಲಿಲ್ಲ.

ಕೊರ್ಲಹಳ್ಳಿ

ಸೇತುವೆಯ ಮೇಲೆ ಬಂದಾಗ ಶಾಂತಾ "ನಿಲ್ಲಸ್ರಿ" ಎಂದಳು. ಇಳಸ್ರಿ ಅಲ್ಲ, ನಿಲ್ಲಸ್ರಿ. ಬದಿಗೆ ಹಾಕಿ ನಿಲ್ಲಿಸಿದೆ. ಕೆಳಗೆ ತುಂಗಭದ್ರೆ ಅಗಲವಾಗಿ, ಅವಸರವಿಲ್ಲದೆ ಹರಿಯುತ್ತಿತ್ತು. ಈ ದಂಡೆ ನಮ್ಮದು, ಆ ದಂಡೆ ಮದ್ರಾಸ್ ಸೀಮೆ. ಎರಡೂ ಕಡೆ ಒಂದೇ ಎರಿ ಮಣ್ಣು.

"ಅವತ್ತು ಫೋನಿನ್ಯಾಗ ಅಕ್ಕಾರು ಸುಮ್ಮನಾದ್ರು ಅಂದ್ರೆಲ್ಲ. ಖುಷಿಗಲ್ರಿ ಅದು. ಅಂಜಿಕಿಗೆ."

ನಾನು ಹೆಲ್ಮೆಟ್ ತೆಗೆದೆ.

"ಕ್ರೂಸರ್ ಅಂದ್ರ ಅವರಿಗೆ ಆ ದಿನಾನ ನೆನಪಿಗೆ ಬರತೈತಿ. ಆದ್ರೂ 'ಆತು, ಬಾ' ಅಂದಾರ. ತಮ್ಮ ಕರದಾನ ಅಂತ. ಈಗ ಅಲ್ಲಿ ಹೊಟ್ಟಿ ಗಟ್ಟಿ ಮಾಡ್ಕೊಂಡು ಕುಂತಿರ್ತಾರ ನೋಡ್ರಿ."

ನನಗೆ ನಾಚಿಕೆಯಾಯಿತು. ಆರು ವರ್ಷ ಅವಳಿಗೆ ಬರುವ ಮನಸ್ಸಿಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೆ. ಈಗ ಅವಳು ಮನಸ್ಸು ಮಾಡಿ ಕೂತಿರುವಾಗ ನಾನು ಬರೀ ಸೀಟು ನೋಡಲು ಬಂದಿದ್ದೆ. ಶಾಂತಾಳ ತೀರ್ಪು ಏನೆಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವಳೂ ಹೇಳಲಿಲ್ಲ. ಸೇತುವೆ ದಾಟಿದೆವು.

ಹೊಳೆಯಾಚೆ

ಅಕ್ಕ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಮಡಿಕೆ ಮುರಿಯದ ಹಸಿರು ಸೀರೆ, ಮಗ್ಗುಲಲ್ಲಿ ಬಟ್ಟೆಗಂಟು, ಬಲಗೈಯಲ್ಲಿ ಒಂದು ಲಿಂಬೆಹಣ್ಣು. ವಾಂತಿ ಬಂದರೆ ಮೂಸಲೆಂದು. ಬೆಳಗಿನಿಂದ ಒಂದು ತುತ್ತು ತಿಂದಿಲ್ಲ ಎಂದು ಆಮೇಲೆ ತಿಳಿಯಿತು. ಅವಳ ಸುತ್ತ ನಾಲ್ವರು ನೆರೆಮನೆಯ ಹೆಂಗಸರು ತಮ್ಮ ತಮ್ಮ ಚೀಲ ಹಿಡಿದು ಸಿದ್ಧರಾಗಿದ್ದರು. ಹೇಗೂ ಇಡೀ ಕ್ರೂಸರ್ ಬರುತ್ತದೆ, ಬೆಟಗೇರಿಗೆ ಹೋಗಿ ಸೀರೆ ತಗೊಂಡು ಬರೋಣ ಎಂದು.

ನಾನು ಗಾಡಿ ನಿಲ್ಲಿಸಿದೆ. ಗೋಡೆಗೆ ಮುಖ ಮಾಡದೆ.

ಅಕ್ಕ ನನ್ನನ್ನು ನೋಡಿದಳು, ನನ್ನ ಹಿಂದೆ ರಸ್ತೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಕ್ರೂಸರ್ ಎಲ್ಲೈತೋ ತಮ್ಮಾ?"

"ಇದ ಅಕ್ಕ."

"ಇದು?"

"ಇದಕ್ಕೂ ಕ್ರೂಸರ್ ಅಂತನ ಅಂತಾರ."

ಅಕ್ಕ ಎದ್ದು ಬಂದು ಗಾಡಿಯ ಹಿಂದೆ ಬಗ್ಗಿ ನೋಡಿದಳು, ಉಳಿದ ಕ್ರೂಸರ್ ಅಲ್ಲೆಲ್ಲಾದರೂ ಅಡಗಿದೆಯೇನೋ ಎಂಬಂತೆ. ಆಮೇಲೆ ಕಟ್ಟೆಗೆ ಒರಗಿ ನಗತೊಡಗಿದಳು. ನಕ್ಕು ನಕ್ಕು ಕಣ್ಣೀರು ಬಂತು, ಸೆರಗಿನಿಂದ ಒರೆಸಿಕೊಂಡಳು, ಮತ್ತೆ ಬಂತು. ಅದರಲ್ಲಿ ನಗೆಯ ನೀರು ಎಷ್ಟು, ಮೂರು ದಿನದ ಅಂಜಿಕೆ ಇಳಿದ ನೀರು ಎಷ್ಟು ಎಂದು ನಾನು ಕೇಳಲಿಲ್ಲ.

"ಗೌರವ್ವಕ್ಕಾ, ನಿಮ್ಮ ತಮ್ಮ ನಮ್ಮನ್ನ ಕ್ಯಾರಿಯರಿನ ಮ್ಯಾಲೆ ಕಟಗಿ ಕಟ್ಟಿದಂಗ ಕಟ್ಟಿ ಒಯ್ತಾನೇನು?" ಎಂದು ಒಬ್ಬಳು ಕೇಳಿದಳು.

"ನೋಡ್ಕೊಂಡು ಹೋಗಾಕ ಬಂದೀವಿ ಅಕ್ಕ. ಮುಂದಿನ ವಾರ..." ಎಂದು ನಾನು ಶುರು ಮಾಡಿದೆ. ಅಕ್ಕನ ಮುಖ ಇಳಿಯಿತು. "ಹೂಂ. ಆತು. ಮುಂದಿನ ವಾರ" ಎಂದು ಗಂಟು ಎತ್ತಿಕೊಂಡು ಒಳಗೆ ಹೋಗಲು ತಿರುಗಿದಳು.

ಶಾಂತಾ ತನ್ನ ಹೆಲ್ಮೆಟ್ ತೆಗೆದು ಅಕ್ಕನ ಕೈಯಲ್ಲಿಟ್ಟಳು.

"ಮುಂದಿನ ವಾರ ಯಾಕ ಅಕ್ಕಾರ? ಒಂದ ತುತ್ತು ಉಂಡು ಈಗ ಹೋಗ್ರಿ. ಗಂಟು ನಾ ತರ್ತೀನಿ, ಇವರನ್ನೆಲ್ಲಾ ಕರ್ಕೊಂಡು ಬಸ್ಸಿಗೆ ಬರ್ತೀನಿ. ಇಲ್ಲಿ ನೋಡ್ರಿ, ಹಿಂಗ ಮಗ್ಗಲಾ ಕುಂಡ್ರಿ. ಎಡಗೈ ಈ ಆನಿಕಿ ಮ್ಯಾಲೆ ಇಡ್ರಿ, ಬಲಗೈ ಇವರ ಹೆಗಲ ಮ್ಯಾಲೆ. ಕಾಲು ಈ ಪಟ್ಟಿ ಮ್ಯಾಲೆ. ಅಂಜಬ್ಯಾಡ್ರಿ. ಮುಂಜಾನಿಂದ ಕುಂತು ಬಂದೀನಿ, ಸೀಟು ಭಾಳ ಛಲೋ ಐತಿ. ನನಗ ಇಳಿಯಾಕ ಮನಸ ಆಗಿಲ್ಲ."

ನಾನು ಅಲ್ಲೇ ನಿಂತಿದ್ದೆ. ಬೆಟಗೇರಿಯಿಂದ ಇಲ್ಲಿಯ ತನಕ ಯಾವ ಮಾತಿಗಾಗಿ ಕಿವಿ ಹಿಂದೆ ಇಟ್ಟುಕೊಂಡು ಬಂದಿದ್ದೆನೋ ಅದನ್ನು ಅವಳು ಅಕ್ಕನಿಗೆ ಹೇಳಿದಳು, ನನಗಲ್ಲ. ನನ್ನ ಕಡೆ ತಿರುಗಿ ಬರೀ ಇಷ್ಟು ಹೇಳಿದಳು: "ಅಕ್ಕಾರನ್ನ ಎಲ್ಲೂ ಬಿಟ್ಟು ಹೋಗಬ್ಯಾಡ್ರಿ. ನಡುನಡುವ ಮಾತಾಡಸ್ರಿ, ಉತ್ತರಾ ಬರತೈತೇನು ನೋಡ್ರಿ."

ಬೇವಿನ ಗಿಡ

ಈ ಸಲ ಡಂಬಳದ ನೆಟ್ಟಗಿನ ದಾರಿ. ಅಕ್ಕನ ಬಲಗೈ ನನ್ನ ಹೆಗಲ ಮೇಲಿತ್ತು, ಆ ಕೈಯ ಬೆರಳುಗಳ ನಡುವೆ ಲಿಂಬೆಹಣ್ಣು. ಹೆಗಲಿಗೆ ಅದು ಒತ್ತುತ್ತಿತ್ತು. ಸೇತುವೆಯ ಮೇಲೆ ಬಿಗಿಯಾಗಿ ಒತ್ತಿತು, ಮುಂಡರಗಿಗೆ ಬರುವಷ್ಟರಲ್ಲಿ ಸಡಿಲಾಯಿತು. ಊರು ದಾಟಿದ ಮೇಲೆ ಅವಳು ಸಣ್ಣಗೆ ಏನೋ ಗುನುಗುತ್ತಿದ್ದಳು, ಚಕ್ಕಡಿಯ ಕಾಲದ ಹಾಡು.

ಆ ಬೇವಿನ ಗಿಡ ಬಂತು. ನಾನು ವೇಗ ಇಳಿಸಿದೆ. ಗುನುಗು ನಿಂತಿತ್ತು.

"ಇಳಸಲೇನಕ್ಕಾ?"

"ಬ್ಯಾಡ. ಹೋಗು."

ಗಿಡ ಹಿಂದೆ ಸರಿದ ಮೇಲೆ ಅವಳು ಹೇಳಿದಳು: "ಅವತ್ತ ಇದು ಇದ್ದಿದ್ರ ಅವ್ವನ ಮಾರಿ ನೋಡತಿದ್ನಿ, ತಮ್ಮಾ."

ನನಗೆ ಅಳು ಬಂತು. ಹೆಲ್ಮೆಟ್ಟಿನೊಳಗೆ ಅಳಬಾರದು, ಒರೆಸಿಕೊಳ್ಳಲು ಬರುವುದಿಲ್ಲ. ಹೊಸದಾಗಿ ಗಾಡಿ ಕಲಿಯುವವರಿಗೆ ಈ ಮಾತನ್ನು ಯಾರೂ ಹೇಳಿರುವುದಿಲ್ಲ, ಹಾಗಾಗಿ ನಾನು ಹೇಳುತ್ತಿದ್ದೇನೆ.

ಮತ್ತೆ ಬೆಟಗೇರಿ

ಬಿಸಿಲು ಇಳಿಯುವ ಮೊದಲೇ ಮನೆ ಮುಟ್ಟಿದೆವು. ಅಕ್ಕ ಇಳಿದು, ಸೊಂಟಕ್ಕೆ ಕೈ ಕೊಟ್ಟು ಒಂದು ಸಲ ನೆಟ್ಟಗಾಗಿ, ಒಳಗೆ ಹೋಗಿ ಅವ್ವನ ಫೋಟೋದ ಮುಂದೆ ಬಹಳ ಹೊತ್ತು ಕೂತಳು. ಅವಳನ್ನು ಅವಳ ಪಾಡಿಗೆ ಬಿಟ್ಟೆ. ಎದ್ದು ಬಂದಾಗ ಹಸಿವೆ ಎಂದಳು.

ಒಂದು ತಾಸಿನ ಮೇಲೆ ಶಾಂತಾ ನಾಲ್ವರು ಹೆಂಗಸರ ದಂಡು ಕಟ್ಟಿಕೊಂಡು ಬಂದಳು. ಬಸ್ಸಿನಲ್ಲಿ ನಿಂತು ಬಂದದ್ದಕ್ಕೆ ಅವಳ ಮುಖವೇ ಬಿಳಿಚಿಕೊಂಡಿತ್ತು. ಅಕ್ಕ ಒಳಗೆ ಹೋಗಿ ತನ್ನ ಮೂಸದ ಲಿಂಬೆಹಣ್ಣು ಹಿಂಡಿ ಶರಬತ್ತು ಮಾಡಿ ತಂದುಕೊಟ್ಟಳು. ಶಾಂತಾ ಒಂದೇ ಗುಟುಕಿಗೆ ಕುಡಿದಳು.

ಮರುದಿನ ಮೌಲಾಸಾಬ ಬಂದ. "ಏನಾತ್ರಿ ಅಣ್ಣಾರ? ಹಿಂದ ಕುಂತಾವ್ರು ಏನಂದ್ರು?"

"ನನ್ನ ಕೇಳಬ್ಯಾಡ್ರಿ, ಅಕ್ಕಾರನ್ನ ಕೇಳ್ರಿ" ಎಂದಳು ಶಾಂತಾ.

ಅಕ್ಕ ಚಹಾದ ಕಪ್ಪು ಕೆಳಗಿಟ್ಟಳು. "ಗಾಡಿ ಇಲ್ಲೇ ಇರಲಿ. ನಾ ಹೋಗೂದೂ ಇದರಾಗ, ಮತ್ತ ಬರೂದೂ ಇದರಾಗ. ಆದ್ರ ಸಾಬಣ್ಣಾರ, ಇದಕ್ಕ ಕ್ರೂಸರ್ ಅನಬ್ಯಾಡ್ರಿ. ಆ ಹೆಸರ ಕೇಳಿದ್ರ ನನಗ ಈಗೂ ಹೊಟ್ಟಿ ತೊಳಸತೈತಿ."

ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ಕುಣಿ ಮುಚ್ಚಿ ಕಲ್ಲು ಹಾಸಿದ ಜಾಗವಿದೆ. ಮಗ್ಗ ತೆಗೆದ ಮೇಲೆ ಅಲ್ಲಿ ಏನು ಇಡಬೇಕೆಂದು ನಾಲ್ಕು ವರ್ಷದಿಂದ ತಿಳಿದಿರಲಿಲ್ಲ. ಗಾಡಿ ಈಗ ಅಲ್ಲಿ ನಿಲ್ಲುತ್ತದೆ, ಮುಖ ಬಾಗಿಲ ಕಡೆಗೆ. ಅಕ್ಕ ವಾರಕ್ಕೊಮ್ಮೆ ಹೊಳೆಯಾಚೆಯಿಂದ ಫೋನ್ ಮಾಡಿ ಕೇಳುತ್ತಾಳೆ: "ತಮ್ಮಾ, ಮಗ್ಗ ಯಾವಾಗ ಹೊರಡಸ್ತೀ?"